ಹೈವೇಲಿ ಸ್ಪೀಡ್ ಲಿಮಿಟ್ ಪಾಲಿಸ್ಬೇಕಾ? ಹಾಸನದ ರೋಡುಗಳನ್ನ ಇಟ್ಕೊಂಡು ಒಂದು ಲೆಕ್ಕ

ಹಾಸನದಲ್ಲಿ ಯಾರ್ ಹತ್ರನಾದ್ರೂ ಈ ವಿಷ್ಯ ತೆಗೀರಿ, ಎರಡು ಮಾತು ಬಂದೇ ಬರುತ್ತೆ. "ಫೋರ್ ಲೇನ್ ಮಾಡಿರೋದೇ ಜೋರಾಗಿ ಹೋಗೋಕೆ, ಟೋಲ್ ಬೇರೆ ಕಟ್ತೀವಿ, ಎಂಬತ್ತರಲ್ಲೇ ಹೋಗ್ಬೇಕು ಅಂದ್ರೆ ಹಳೇ ರೋಡೇ ಸಾಕಿತ್ತಲ್ಲ" ಅನ್ನೋದು ಒಂದು. "ಗಾಡಿ ನನ್ ಕಂಟ್ರೋಲಲ್ಲಿದೆ, ಇಷ್ಟು ವರ್ಷದಿಂದ ಓಡಿಸ್ತಿದೀನಿ ಒಂದ್ ಗೀರೂ ಬಿದ್ದಿಲ್ಲ" ಅನ್ನೋದು ಇನ್ನೊಂದು. ಇದಕ್ಕೆ ಎದುರಾಗಿ ಬರೋ ಮಾತು ಅಂದ್ರೆ "ಕ್ಯಾಮೆರಾ ಇದೆ ಕಣೋ, ಫೈನ್ ಬೀಳುತ್ತೆ" ಅನ್ನೋದು. ಈ ಮೂರೂ ಮಾತು ಗಾಡಿ ಒಳಗೆ ಕೂತಿರೋರ ಬಗ್ಗೆ ಮಾತ್ರ ಯೋಚ್ನೆ ಮಾಡ್ತವೆ, ನನ್ ಟೋಲು, ನನ್ ಕೈ, ನನ್ ಫೈನು. ನನ್ನ ಪ್ರಕಾರ ಲಿಮಿಟ್ ಪಾಲಿಸ್ಲೇಬೇಕು, ಆದ್ರೆ ಅದಕ್ಕೆ ಮುಖ್ಯ ಕಾರಣ ಗಾಡಿ ಒಳಗೆ ಇಲ್ಲ, ಹೊರಗಿದೆ. ರೋಡ್ ದಾಟೋಕೆ ನಿಂತಿರೋರು, ಎದುರಿಂದ ಬರೋರು, ಸೈಡ್ ರೋಡಿಂದ ಮೇಲೆ ಹತ್ತೋ ಟ್ರ್ಯಾಕ್ಟರ್‌ನೋರು, ಇವರೆಲ್ಲ ನಮ್ಮ ಗಾಡಿನ ದೂರದಿಂದ ನೋಡಿ "ಇದು ಇಷ್ಟು ಹೊತ್ತಿಗೆ ಇಲ್ಲಿಗೆ ಬರುತ್ತೆ" ಅಂತ ಒಂದು ಲೆಕ್ಕ ಹಾಕಿ ಹೆಜ್ಜೆ ಇಡ್ತಾರೆ. ನಾವು ಲಿಮಿಟ್ ದಾಟಿದ್ರೆ ಆ ಲೆಕ್ಕ ತಪ್ಪುತ್ತೆ, ತಪ್ಪಿದ ಲೆಕ್ಕಕ್ಕೆ ಬೆಲೆ ತೆರೋದು ಅವರು.

ಮೊದ್ಲು ಕಾನೂನು ಏನ್ ಹೇಳುತ್ತೆ ಅಂತ ಬೇಗ ನೋಡ್ಬಿಡೋಣ. 1988ರ ಮೋಟಾರು ವಾಹನ ಕಾಯ್ದೆಯ 112ನೇ ಸೆಕ್ಷನ್ನು ವೇಗದ ಮಿತಿ ಬಗ್ಗೆ. ಕೇಂದ್ರ ಸರ್ಕಾರ 2018ರ ಏಪ್ರಿಲ್‌ನಲ್ಲಿ ಹೊರಡಿಸಿದ ಅಧಿಸೂಚನೆ ಪ್ರಕಾರ ಕಾರುಗಳಿಗೆ ಎಕ್ಸ್‌ಪ್ರೆಸ್‌ವೇಲಿ 120, ಡಿವೈಡರ್ ಇರೋ ಫೋರ್ ಲೇನ್‌ನಲ್ಲಿ 100, ಬೇರೆ ರೋಡುಗಳಲ್ಲಿ 70. ಬೈಕಿಗೆ ಫೋರ್ ಲೇನ್‌ನಲ್ಲಿ 80, ಬೇರೆ ಕಡೆ 60. ಲಾರಿಗೂ ಫೋರ್ ಲೇನ್‌ನಲ್ಲಿ 80, ಬೇರೆ ಕಡೆ 60. ಬಸ್ಸಿಗೆ 90, ಬೇರೆ ಕಡೆ 60. ಇಲ್ಲಿ ಬಹಳ ಜನ ಗಮನಿಸದೇ ಇರೋ ವಿಷ್ಯ ಏನಂದ್ರೆ ಇದು ಮೇಲಿನ ಗಡಿ ಅಷ್ಟೇ, ಇದಕ್ಕಿಂತ ಕಡಿಮೆ ಮಿತಿ ಇಟ್ಟು ಬೋರ್ಡ್ ಹಾಕೋ ಅಧಿಕಾರ ರಾಜ್ಯಕ್ಕೆ ಇದೆ, ಬೋರ್ಡ್ ಇದ್ದ ಕಡೆ ಬೋರ್ಡಿಂದೇ ಕಾನೂನು. ಹಾಗಾಗಿ "ಫೋರ್ ಲೇನ್ ಅಂದ್ರೆ ನೂರು" ಅಂತ ತಲೇಲಿ ಇಟ್ಕೊಂಡು ಊರೊಳಗೆ 50ರ ಬೋರ್ಡ್ ಮುಂದೆ ನೂರರಲ್ಲಿ ಹೋಗೋದು ತಪ್ಪೇ. 2019ರ ತಿದ್ದುಪಡಿ ಆದ್ಮೇಲೆ ಕಾಯ್ದೇಲಿ ಓವರ್ ಸ್ಪೀಡಿಗೆ ಕಾರಿಗೆ 1000ದಿಂದ 2000, ದೊಡ್ಡ ಗಾಡಿಗೆ 2000ದಿಂದ 4000 ರೂಪಾಯಿ ದಂಡ ಇದೆ. ನಮ್ಮ ರಾಜ್ಯದಲ್ಲಿ 2024ರ ಆಗಸ್ಟ್ 1ರಿಂದ 130 ದಾಟಿದ್ರೆ ಬರೀ ಫೈನ್ ಅಲ್ಲ, ಎಫ್‌ಐಆರೇ ಹಾಕ್ತೀವಿ ಅಂತ ಪೊಲೀಸ್ ಇಲಾಖೆ ಹೇಳಿದೆ.

ಇನ್ನು ಈ ನಂಬರುಗಳು ಎಲ್ಲಿಂದ ಬಂದ್ವು ಅನ್ನೋದು. ಯಾರೋ ಆಫೀಸಲ್ಲಿ ಕೂತು ಮನಸ್ಸಿಗೆ ಬಂದಿದ್ದು ಬರೆದಿದಾರೆ ಅಂತ ನಮ್ಮಲ್ಲಿ ಬಹಳ ಜನಕ್ಕೆ ಅನ್ಸುತ್ತೆ. ಆದ್ರೆ ರೋಡ್ ಕಟ್ಟೋಕೆ ಮುಂಚೆನೇ ಇಂಜಿನಿಯರುಗಳು ಒಂದು ಡಿಸೈನ್ ಸ್ಪೀಡ್ ಇಟ್ಕೊಂಡಿರ್ತಾರೆ, ಆ ಸ್ಪೀಡಿಗೆ ತಕ್ಕಂಗೆ ತಿರುವು ಎಷ್ಟು ಅಗಲ ಇರ್ಬೇಕು, ತಿರುವಲ್ಲಿ ರೋಡು ಎಷ್ಟು ಓರೆ ಇರ್ಬೇಕು, ಏರಿನ ತುದಿಲಿ ಮುಂದೆ ಎಷ್ಟು ದೂರ ಕಾಣ್ಬೇಕು ಅಂತೆಲ್ಲ ಲೆಕ್ಕ ಆಗುತ್ತೆ. ಇಂಡಿಯನ್ ರೋಡ್ ಕಾಂಗ್ರೆಸ್ ಅಂತ ಸಂಸ್ಥೆ ಇದೆ, ಅದರ ಮಾನದಂಡಗಳ ಪ್ರಕಾರ ಬಯಲು ಸೀಮೆ ನ್ಯಾಷನಲ್ ಹೈವೇಗೆ ಡಿಸೈನ್ ಸ್ಪೀಡು ಸಾಮಾನ್ಯವಾಗಿ 100, ಏರಿಳಿತ ಇರೋ ಕಡೆ 80, ಗುಡ್ಡಗಾಡಲ್ಲಿ 50, ಕಡಿದಾದ ಘಾಟೀಲಿ 40. ಅಂದ್ರೆ ಚನ್ನರಾಯಪಟ್ಟಣದ ಕಡೆ ರೋಡಿಗೂ ಸಕಲೇಶಪುರ ದಾಟಿ ಶಿರಾಡಿ ಇಳಿಯೋ ರೋಡಿಗೂ ಹೆದ್ದಾರಿ 75 ಅಂತ ಒಂದೇ ನಂಬರ್ ಇದ್ರೂನೂ ಲೆಕ್ಕ ಬೇರೆನೇ.

ಇದರಲ್ಲಿ ನನಗೆ ತುಂಬ ಮುಖ್ಯ ಅನ್ಸೋದು ಕಣ್ಣಿಗೆ ಕಾಣೋ ದೂರದ ಲೆಕ್ಕ. ಡ್ರೈವರ್ ಮುಂದೆ ಏನೋ ಇದೆ ಅಂತ ನೋಡಿ, ಅದು ಏನು ಅಂತ ಅರ್ಥ ಮಾಡ್ಕೊಂಡು, ಬ್ರೇಕ್ ಮೇಲೆ ಕಾಲಿಟ್ಟು, ಗಾಡಿ ಪೂರ್ತಿ ನಿಲ್ಲೋವರೆಗೂ ಬೇಕಾಗೋ ದೂರ. ರೋಡ್ ಕಾಂಗ್ರೆಸ್ ಪ್ರಕಾರ 60ರಲ್ಲಿ ಇದು 80 ಮೀಟರ್, 80ರಲ್ಲಿ 120 ಮೀಟರ್, 100ರಲ್ಲಿ 180 ಮೀಟರ್. ಡ್ರೈವರ್ ಎಚ್ಚೆತ್ತುಕೊಳ್ಳೋಕೆ 2.5 ಸೆಕೆಂಡ್ ತಗೋತಾನೆ ಅಂತ ಇಟ್ಕೊಂಡು ಹಾಕಿರೋ ಲೆಕ್ಕ ಇದು, ಸುಸ್ತಾಗಿರೋರು, ವಯಸ್ಸಾದೋರು ಎಲ್ಲರನ್ನೂ ಸೇರಿಸ್ಕೊಂಡು. ಈಗ ರಾತ್ರಿ ಡಿಮ್ ಲೈಟಲ್ಲಿ ಹೋಗ್ತಿರೋ ಕಾರಿಗೆ ಮುಂದೆ ಸರಿಯಾಗಿ ಕಾಣೋದು ಸುಮಾರು 50-60 ಮೀಟರ್ ಅಷ್ಟೇ, ಆಲೂರು ಸಕಲೇಶಪುರದ ಕಡೆ ಮಂಜು ಬಿದ್ದಾಗ ಅದೂ ಇಲ್ಲ. ಅಂದ್ರೆ ರಾತ್ರಿ ನೂರರಲ್ಲಿ ಹೋಗೋರು ತಾವು ನೋಡದೇ ಇರೋ ರೋಡ್ ಮೇಲೆ ನಂಬಿಕೆ ಇಟ್ಟು ಹೋಗ್ತಿದಾರೆ ಅಂತ ಅರ್ಥ, ಕಾಣೋದು 60 ಮೀಟರ್, ನಿಲ್ಲೋಕೆ ಬೇಕಾಗಿರೋದು ಅದರ ಮೂರು ಪಟ್ಟು. ಆನೆ ದಾಟೋ ಜಾಗಗಳಲ್ಲಂತೂ ಇದನ್ನ ಬಿಡಿಸಿ ಹೇಳೋದೇ ಬೇಡ, ಆಲೂರು ಸಕಲೇಶಪುರ ಬೇಲೂರು ಭಾಗದಲ್ಲಿ ಆನೆಗಳು ತೋಟದಿಂದ ತೋಟಕ್ಕೆ ರೋಡ್ ದಾಟ್ಕೊಂಡೇ ಹೋಗೋದು, ಕತ್ತಲಲ್ಲಿ ಆನೆ ಮೈ ಮೇಲೆ ಲೈಟ್ ಬಿದ್ರೂ ಹೊಳೆಯಲ್ಲ, ಹತ್ರ ಬಂದ್ಮೇಲೇ ಗೊತ್ತಾಗೋದು.

ಈಗ ಹೊರಗೆ ನಿಂತಿರೋರ ಲೆಕ್ಕಕ್ಕೆ ಬರ್ತೀನಿ. ಹಾಸನದಿಂದ ಬೆಂಗಳೂರಿಗೆ ಹೋಗೋ ರೋಡಲ್ಲಿ ಶಾಂತಿಗ್ರಾಮ, ಉದಯಪುರ, ಹಿರೀಸಾವೆ, ಹೀಗೆ ಊರುಗಳು ಸಾಲಾಗಿ ಸಿಗ್ತವೆ, ಎಷ್ಟೋ ಕಡೆ ರೋಡಿನ ಈ ಕಡೆ ಊರು, ಆ ಕಡೆ ಹೊಲ. ಹೈವೇ ಬರೋಕೆ ಮುಂಚೆನೂ ಅವ್ರು ಹಾಲಿನ ಕ್ಯಾನ್ ಹಿಡ್ಕೊಂಡು, ಹುಲ್ಲಿನ ಹೊರೆ ಹೊತ್ಕೊಂಡು ದಾಟ್ತಾನೇ ಇದ್ರು, ಈಗ್ಲೂ ದಾಟ್ಲೇಬೇಕು, ಎಲ್ಲಾ ಕಡೆ ಅಂಡರ್‌ಪಾಸ್ ಇಲ್ಲ. ಫೋರ್ ಲೇನ್‌ನಲ್ಲಿ ಡಿವೈಡರ್‌ವರೆಗೆ ದಾಟೋದು ಅಂದ್ರೆ ಎರಡು ಲೇನು 7 ಮೀಟರ್, ಪಕ್ಕದ ಶೋಲ್ಡರ್ (ರೋಡಿನ ಅಂಚಿನ ಪಟ್ಟಿ) ಸೇರಿದ್ರೆ ಸುಮಾರು 8.5 ಮೀಟರ್. ಸಾಮಾನ್ಯ ನಡಿಗೇಲಿ ಇದಕ್ಕೆ 7 ಸೆಕೆಂಡ್ ಬೇಕು. 80ರ ಬೋರ್ಡ್ ಇರೋ ಕಡೆ ಅನ್ಕೊಳ್ಳಿ, ಒಬ್ಬ ಹೆಂಗಸು ರೋಡ್ ಪಕ್ಕ ನಿಂತು ನೋಡ್ತಾರೆ, ಕಾರು 180 ಮೀಟರ್ ದೂರದಲ್ಲಿದೆ. ಆ ಕಾರು 80ರಲ್ಲಿ ಬರ್ತಿದ್ರೆ ಅವ್ರ ಹತ್ರ ತಲುಪೋಕೆ 8 ಸೆಕೆಂಡ್ ಆಗುತ್ತೆ, ಅಷ್ಟರಲ್ಲಿ ಅವ್ರು ದಾಟಿ ಆಗಿರುತ್ತೆ, ಒಂದು ಸೆಕೆಂಡ್ ಉಳಿದಿರುತ್ತೆ. ಅದೇ ಕಾರು 100ರಲ್ಲಿ ಬರ್ತಿದ್ರೆ 6.5 ಸೆಕೆಂಡ್, ಅಂದ್ರೆ ಅವ್ರು ಇನ್ನೂ ಕೊನೇ ಲೇನಲ್ಲಿದಾರೆ. 120 ಆದ್ರೆ 5.4 ಸೆಕೆಂಡ್, ಅವ್ರು ಆಗ ರೋಡಲ್ಲೇ ಇನ್ನೂ ಎರಡು ಮೀಟರ್ ನಡೀಬೇಕು. ಮೂರೂ ಸಲ ಅವ್ರು ಮಾಡಿದ್ದು ಅದೇ, ನೋಡಿದ್ದು ಅದೇ ದೂರ, ಹೆಜ್ಜೆ ಹಾಕಿದ್ದು ಅದೇ ಸ್ಪೀಡಲ್ಲಿ.

ಯಾಕ್ ಅವ್ರಿಗೆ ಕಾರು ಜೋರಾಗಿ ಬರ್ತಿದೆ ಅಂತ ಗೊತ್ತಾಗಲ್ಲ ಅಂದ್ರೆ, ಮನುಷ್ಯನ ಕಣ್ಣಿಗೆ ನೇರವಾಗಿ ತನ್ನ ಕಡೆಗೇ ಬರ್ತಿರೋ ವಸ್ತುವಿನ ವೇಗ ಅಳೆಯೋದು ತುಂಬ ಕಷ್ಟ. ಅಡ್ಡ ಹೋಗೋ ಗಾಡಿ ಎಷ್ಟು ಸ್ಪೀಡಲ್ಲಿದೆ ಅಂತ ಹೇಳ್ಬಹುದು, ಎದುರಿಗೆ ಬರೋದು ಬರೀ ಚೂರು ಚೂರೇ ದೊಡ್ಡದಾಗ್ತಾ ಕಾಣುತ್ತೆ, ಅಷ್ಟೇ. ಹಾಗಾಗಿ ನಾವೆಲ್ಲ ದೂರ ಮಾತ್ರ ನೋಡಿ, ಸ್ಪೀಡು "ಎಲ್ಲಾ ಗಾಡಿ ಬರೋ ಅಷ್ಟೇ" ಅಂತ ಅಂದ್ಕೊಂಡು ದಾಟ್ತೀವಿ. ಮಕ್ಕಳಿಗೆ ಇದು ಇನ್ನೂ ಕಷ್ಟ, ಇಂಗ್ಲೆಂಡಿನ ರಾಯಲ್ ಹಾಲೊವೇ ವಿಶ್ವವಿದ್ಯಾಲಯದ ಸಂಶೋಧಕರು ಪ್ರೈಮರಿ ಸ್ಕೂಲ್ ಮಕ್ಕಳನ್ನ ಪರೀಕ್ಷೆ ಮಾಡಿ ನೋಡಿದಾಗ ಗಂಟೆಗೆ 20 ಮೈಲಿ, ಅಂದ್ರೆ ನಮ್ ಲೆಕ್ಕದಲ್ಲಿ ಸುಮಾರು 32 ಕಿ.ಮೀ.ಗಿಂತ ಜೋರಾಗಿ ಬರೋ ಗಾಡಿ ಹತ್ರ ಬರ್ತಿದೆ ಅನ್ನೋದನ್ನೇ ಆ ಮಕ್ಕಳ ಕಣ್ಣು ನಂಬೋ ಹಾಗೆ ಗುರುತಿಸಲ್ಲ ಅಂತ ಕಂಡ್ಕೊಂಡ್ರು. "ನೋಡ್ಕೊಂಡು ದಾಟ್ಬೇಕಪ್ಪ" ಅಂತ ಮಕ್ಕಳಿಗೆ ಬಯ್ಯೋದು ಸುಲಭ, ಆದ್ರೆ ಆ ಮಗು ನೋಡ್ಕೊಂಡೇ ದಾಟಿರುತ್ತೆ.

ಇದಕ್ಕೆ ಒಂದೇ ದಾರಿ ಅಂದ್ರೆ ಹೊರಗಿರೋರು ಅಂದಾಜು ಮಾಡೋ ಸ್ಪೀಡಲ್ಲೇ ಗಾಡಿ ಬರೋದು. ಲಿಮಿಟ್ ಅನ್ನೋದು ಆ ಅಂದಾಜನ್ನ ಎಲ್ಲರಿಗೂ ಒಂದೇ ಮಾಡುತ್ತೆ. ಡ್ರೈವರ್ ಎಷ್ಟೇ ಚುರುಕಾಗಿರ್ಲಿ, ಅವ್ನ ಚುರುಕುತನ ರೋಡ್ ಪಕ್ಕ ನಿಂತಿರೋರಿಗೆ ದೂರದಿಂದ ಕಾಣಲ್ಲ.

ಬೇಲೂರು-ಹಾಸನ ರೋಡಲ್ಲಿ ಇದೇ ಕಥೆ ಇನ್ನೊಂದ್ ರೂಪದಲ್ಲಿ ನಡೆಯುತ್ತೆ, ಅಲ್ಲಿ ಓವರ್‌ಟೇಕ್. ಹಗರೆ ಹತ್ರ 60ರಲ್ಲಿ ಹೋಗ್ತಿರೋ ಬಸ್ಸನ್ನ ನೀವು 80ರಲ್ಲಿ ಹಿಂದೆ ಹಾಕ್ತೀರ ಅಂತ ಇಟ್ಕೊಳ್ಳಿ (ಡಬಲ್ ರೋಡ್ ಅಲ್ಲ, ಅಲ್ಲಿ ಕಾನೂನು 70 ಅಂತಾನೇ ಇದೆ, ಆದ್ರೂ ಜನ ಹೋಗೋದು 80ರಲ್ಲಿ ಅಂತ ಹೇಳ್ತಿದೀನಿ). ಬಸ್ಸಿನ ಉದ್ದ, ಹಿಂದೆ ಮುಂದೆ ಬಿಡೋ ಜಾಗ ಎಲ್ಲ ಸೇರಿ ಬಸ್ಸಿಗಿಂತ ಸುಮಾರು 55 ಮೀಟರ್ ಜಾಸ್ತಿ ಹೋಗ್ಬೇಕು, ಇಬ್ರ ಮಧ್ಯೆ ಇರೋ ವ್ಯತ್ಯಾಸ ಗಂಟೆಗೆ 20 ಕಿ.ಮೀ., ಅದಕ್ಕೆ ಹತ್ತು ಸೆಕೆಂಡ್ ಬೇಕು. ಆ ಹತ್ತು ಸೆಕೆಂಡಲ್ಲಿ ನೀವು ರಾಂಗ್ ಸೈಡಲ್ಲಿ 220 ಮೀಟರ್ ಹೋಗಿರ್ತೀರ, ಎದುರಿನವನು 70ರಲ್ಲಿ ಬರ್ತಿದ್ರೆ ಅವನು 195 ಮೀಟರ್ ಹತ್ರ ಬಂದಿರ್ತಾನೆ, 100ರಲ್ಲಿ ಬರ್ತಿದ್ರೆ 280 ಮೀಟರ್. ಆ 85 ಮೀಟರ್ ವ್ಯತ್ಯಾಸ ನಿಮಗೆ ಓವರ್‌ಟೇಕ್ ಶುರು ಮಾಡುವಾಗ ಕಾಣೋದೇ ಇಲ್ಲ. ಕೊನೇಲಿ ಬಸ್ಸಿನ ಮುಂದೆ ತುರುಕೋದು, ಬಸ್ಸಿನ ಡ್ರೈವರ್ ಬ್ರೇಕ್ ಹಿಡಿಯೋದು, ಹಿಂದಿನ ಬೈಕಿನವನು ಬಸ್ಸಿಗೆ ಗುದ್ದೋದು, ಇದೆಲ್ಲ ಆಗೋದು ಆ ಕಾಣದೇ ಇರೋ 85 ಮೀಟರಲ್ಲಿ. ಆಮೇಲೆ ಜಗಳ ನಡೆಯೋದು ಬಸ್ ಡ್ರೈವರ್‌ಗೂ ಬೈಕಿನವನಿಗೂ, ನೂರರಲ್ಲಿ ಬಂದವನು ಅಷ್ಟೊತ್ತಿಗೆ ಬೇಲೂರಲ್ಲಿರ್ತಾನೆ.

"ಬರೀ 20 ಜಾಸ್ತಿ ತಾನೆ" ಅನ್ನೋರಿಗೆ ಇನ್ನೊಂದು ಲೆಕ್ಕ, ಇದನ್ನ ಪೇಪರ್ ತಗೊಂಡು ನೀವೇ ಹಾಕಿ ನೋಡ್ಬಹುದು. ಎರಡು ಕಾರು ಅಕ್ಕಪಕ್ಕ ಹೋಗ್ತಿವೆ, ಒಂದು 80ರಲ್ಲಿ ಇನ್ನೊಂದು 100ರಲ್ಲಿ, ಮುಂದೆ ಒಂದು ಟ್ರ್ಯಾಕ್ಟರ್ ದಿಢೀರಂತ ಅಡ್ಡ ಬಂತು, ಇಬ್ರೂ ಒಂದೇ ಕ್ಷಣಕ್ಕೆ ನೋಡಿದ್ರು. ಇಬ್ರೂ ಚುರುಕಾದೋರು, ಒಂದೂವರೆ ಸೆಕೆಂಡಲ್ಲಿ ಬ್ರೇಕ್ ಹಿಡಿದ್ರು, ಒಣ ರೋಡು, ಒಳ್ಳೇ ಟೈರು, ಬ್ರೇಕ್ ಹಿಡಿದಾಗ ಪ್ರತಿ ಸೆಕೆಂಡಿಗೂ ವೇಗ ಗಂಟೆಗೆ ಸುಮಾರು 25 ಕಿ.ಮೀ.ನಷ್ಟು (ಸೆಕೆಂಡಿಗೆ 7 ಮೀಟರ್) ಇಳಿಯುತ್ತೆ. 80ರ ಕಾರು ಎಲ್ಲಾ ಸೇರಿ ಸುಮಾರು 69 ಮೀಟರಲ್ಲಿ ನಿಲ್ಲುತ್ತೆ, ಟ್ರ್ಯಾಕ್ಟರ್ ಅಲ್ಲೇ ಇತ್ತು ಅನ್ಕೊಳ್ಳಿ, ಮುಟ್ಟೋ ಹತ್ರ ನಿಂತು ಬಚಾವ್. 100ರ ಕಾರು ಆ ಜಾಗಕ್ಕೆ ಬಂದಾಗ ಅದರ ಸ್ಪೀಡ್ ಎಷ್ಟಿರುತ್ತೆ? ಬಹಳ ಜನ 20 ಅಂತಾರೆ, ಯಾಕಂದ್ರೆ ಶುರುವಿನಲ್ಲಿ ವ್ಯತ್ಯಾಸ 20 ಇತ್ತಲ್ಲ. ನಿಜವಾದ ಉತ್ತರ 71. ಬ್ರೇಕ್ ಹಿಡಿಯೋಕೆ ಮುಂಚೆನೇ ಅದು 42 ಮೀಟರ್ ಹೋಗ್ಬಿಟ್ಟಿರುತ್ತೆ, ಇನ್ನು ಉಳಿದಿದ್ದು 27 ಮೀಟರ್, ಓಡ್ತಿರೋ ಗಾಡಿಯ ಶಕ್ತಿ ಏರೋದು ವೇಗದ ವರ್ಗದ (ವೇಗ × ವೇಗ) ಲೆಕ್ಕದಲ್ಲಿ, 80ಕ್ಕೂ 100ಕ್ಕೂ ವೇಗ ಕಾಲು ಭಾಗ ಜಾಸ್ತಿ ಆದ್ರೆ ಶಕ್ತಿ 56 ಪರ್ಸೆಂಟ್ ಜಾಸ್ತಿ. ಒಬ್ಬನಿಗೆ ಎದೆ ಹೊಡ್ಕೊಂಡಿದ್ದು ಬಿಟ್ರೆ ಏನೂ ಆಗಲ್ಲ, ಇನ್ನೊಬ್ಬ 71ರಲ್ಲಿ ಹೋಗಿ ಟ್ರೇಲರಿಗೆ ಗುದ್ದುತ್ತಾನೆ. ಮಳೆ ಇದ್ರೆ ಇದು ಇನ್ನೂ ಹದಗೆಡುತ್ತೆ, ಜೂನ್ ಜುಲೈಲಿ ಮೂಡಿಗೆರೆ ಕಡೆ ರೋಡು ಒಣಗೋದೇ ಇಲ್ಲ, ಆಗ 80ರ ಕಾರಿಗೂ 95 ಮೀಟರ್ ಬೇಕಾಗ್ಬಹುದು.

ವಿಶ್ವ ಆರೋಗ್ಯ ಸಂಸ್ಥೆ ಹೇಳೋದೂ ಇದಕ್ಕೆ ಹೊಂದುತ್ತೆ, ಸರಾಸರಿ ವೇಗ 1 ಪರ್ಸೆಂಟ್ ಏರಿದ್ರೆ ಸಾವಾಗೋ ಅಪಘಾತದ ಅಪಾಯ 4 ಪರ್ಸೆಂಟ್ ಏರುತ್ತೆ ಅಂತ. ನಡ್ಕೊಂಡು ಹೋಗೋರಿಗೆ ಕಾರು 50ರಲ್ಲಿ ಗುದ್ದಿದ್ರೆ ಸಾಯೋ ಸಾಧ್ಯತೆ 20 ಪರ್ಸೆಂಟಿಗಿಂತ ಕಡಿಮೆ, 80ರಲ್ಲಿ ಗುದ್ದಿದ್ರೆ ಹತ್ತತ್ರ 60. ಊರು ಸಿಕ್ಕಾಗ 50ರ ಬೋರ್ಡ್ ಹಾಕೋದು ಇದಕ್ಕೇನೆ. ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ 1997ರಲ್ಲಿ ಬಂದ ಅಧ್ಯಯನ ಒಂದಿದೆ, ಅಲ್ಲಿ 60ರ ಮಿತಿ ಇರೋ ರೋಡುಗಳಲ್ಲಿ ಅಪಘಾತ ಆದ ಕಾರುಗಳನ್ನ, ಅದೇ ಜಾಗದಲ್ಲಿ ಸುಮ್ನೆ ಹಾದುಹೋದ ಕಾರುಗಳ ಜೊತೆ ಹೋಲಿಸಿ ನೋಡಿದ್ರು, 60ರ ಮೇಲೆ ಪ್ರತಿ 5 ಕಿ.ಮೀ.ಗೆ ಗಾಯ ಆಗೋ ಅಪಘಾತದ ಅಪಾಯ ಎರಡರಷ್ಟು ಆಗ್ತಾ ಹೋಗುತ್ತೆ ಅಂತ ಬಂತು.

ನಮ್ ದೇಶದ್ದೇ ಅಂಕಿ ಅಂಶ ತಗೊಂಡ್ರೆ, 2022ರಲ್ಲಿ ರೋಡ್ ಅಪಘಾತದಲ್ಲಿ ಸತ್ತೋರು 1,68,491 ಜನ, ಅದರಲ್ಲಿ 71 ಪರ್ಸೆಂಟಿನಷ್ಟು ಓವರ್ ಸ್ಪೀಡ್ ಕಾರಣಕ್ಕೆ ಅಂತ ಕೇಂದ್ರ ಸಾರಿಗೆ ಸಚಿವಾಲಯದ ವರದಿ. ಈ 71 ಪರ್ಸೆಂಟನ್ನ ನಾನು ಕಣ್ಮುಚ್ಚಿ ನಂಬ್ತಿಲ್ಲ, ಯಾಕಂದ್ರೆ ನಮ್ಮಲ್ಲಿ ಅಪಘಾತ ಆದ್ಮೇಲೆ ಗಾಡಿ ಎಷ್ಟು ಸ್ಪೀಡಲ್ಲಿತ್ತು ಅಂತ ಅಳೆಯೋ ವ್ಯವಸ್ಥೆ ಎಲ್ಲಾ ಸ್ಟೇಷನ್ನಲ್ಲೂ ಇಲ್ಲ, ಪೊಲೀಸರು ಫಾರಂ ತುಂಬೋವಾಗ "ಅತಿವೇಗ ಮತ್ತು ಅಜಾಗರೂಕತೆ" ಅಂತ ಬರ್ಯೋದು ರೂಢಿ ಆಗ್ಬಿಟ್ಟಿದೆ. ಹಾಗೆ ಬರ್ದ್‌ಬಿಟ್ರೆ ಅಲ್ಲಿ ಬೀದಿ ದೀಪ ಇರ್ಲಿಲ್ಲ, ಡಿವೈಡರ್ ಗ್ಯಾಪ್ ತಪ್ಪು ಜಾಗದಲ್ಲಿತ್ತು ಅನ್ನೋದೆಲ್ಲ ಮುಚ್ಚೋಗುತ್ತೆ. ಆದ್ರೆ ಅದೇ ವರದಿಲಿರೋ ಇನ್ನೊಂದು ಅಂಕಿಗೆ ಈ ತೊಂದ್ರೆ ಇಲ್ಲ. ದೇಶದ ಒಟ್ಟು ರೋಡಿನ ಉದ್ದದಲ್ಲಿ ನ್ಯಾಷನಲ್ ಹೈವೇ ಇರೋದು 2 ಪರ್ಸೆಂಟ್ ಆಸುಪಾಸು, ಸಾವಿನಲ್ಲಿ ಅದರ ಪಾಲು 36 ಪರ್ಸೆಂಟ್. ಹೈವೇಲಿ ಗಾಡಿ ಜಾಸ್ತಿ ಓಡಾಡ್ತವೆ ಅನ್ನೋದನ್ನ ಕಳೆದ್ರೂ ಜೋರಾಗಿ ಹೋಗೋ ಗಾಡಿನೂ ಊರಿನ ಜನನೂ ಒಂದೇ ರೋಡಲ್ಲಿ ಸೇರಿದ್ರೆ ಏನಾಗುತ್ತೆ ಅಂತ ಇದರಲ್ಲಿ ಕಾಣುತ್ತೆ.

ಇನ್ನು ಲಿಮಿಟ್ ಬೇಡ ಅನ್ನೋರ ವಾದಗಳಲ್ಲಿ ಒಂದು ಮಾತ್ರ ನಿಜವಾಗ್ಲೂ ಗಟ್ಟಿ ಇದೆ, ಅದನ್ನ ಸರಿಯಾಗೇ ನೋಡೋಣ. "ಎಲ್ಲರೂ 95ರಲ್ಲಿ ಹೋಗ್ತಿರುವಾಗ ನಾನೊಬ್ಬ 75ರಲ್ಲಿ ಹೋದ್ರೆ ನಾನೇ ಅಪಾಯ" ಅನ್ನೋದು. ಇದಕ್ಕೆ ಹಿನ್ನೆಲೆನೂ ಇದೆ, 1964ರಲ್ಲಿ ಅಮೆರಿಕದ ಡೇವಿಡ್ ಸಾಲೊಮನ್ ಅನ್ನೋರು ಅಲ್ಲಿನ ಹಳ್ಳಿ ಕಡೆ ಹೈವೇಗಳ ಅಪಘಾತ ನೋಡಿ, ಸರಾಸರಿಗಿಂತ ತುಂಬ ಜೋರಾಗಿ ಹೋಗೋರಿಗೂ ಅಪಾಯ, ತುಂಬ ನಿಧಾನ ಹೋಗೋರಿಗೂ ಅಪಾಯ ಅಂತ ತೋರ್ಸಿದ್ರು. ಆಮೇಲಿನ ಸಂಶೋಧಕರು ಕೆದಕಿ ನೋಡಿದಾಗ, ಆ ನಿಧಾನದ ಗಾಡಿಗಳಲ್ಲಿ ತಿರುಗೋಕೆ ಅಂತ, ನಿಲ್ಲೋಕೆ ಅಂತ ಸ್ಪೀಡ್ ಇಳಿಸಿದ್ದ ಗಾಡಿಗಳೂ ಸೇರಿದ್ವು ಅಂತ ಗೊತ್ತಾಯ್ತು, ಅವನ್ನ ತೆಗೆದ್ರೆ ನಿಧಾನದ ಅಪಾಯ ಬಹಳಷ್ಟು ಕಡಿಮೆ ಆಯ್ತು. ಆದ್ರೂ ಸ್ಪೀಡಿನ ವ್ಯತ್ಯಾಸ ಜಾಸ್ತಿ ಇದ್ರೆ ಅಪಾಯ ಅನ್ನೋ ಮೂಲ ಮಾತನ್ನ ನಾನು ಒಪ್ತೀನಿ. ಒಪ್ಪಿ ಕೇಳ್ತೀನಿ, ನಮ್ ರೋಡಲ್ಲಿ ಆ ವ್ಯತ್ಯಾಸ ಕಡಿಮೆ ಮಾಡೋಕೆ ಯಾರು ಬದಲಾಗೋಕೆ ಸಾಧ್ಯ? ಶುಂಠಿ ತುಂಬಿದ ಟ್ರ್ಯಾಕ್ಟರು 25ರಲ್ಲೇ ಹೋಗೋದು, ಅದಕ್ಕೆ 80 ಬರೋಕಾಗಲ್ಲ. ಲಾರಿಗಳಿಗೆ 80ಕ್ಕೇ ಸ್ಪೀಡ್ ಗವರ್ನರ್ (ಅದಕ್ಕಿಂತ ಜೋರಾಗಿ ಹೋಗದಂಗೆ ತಡೆಯೋ ಸಾಧನ) ಇರ್ಬೇಕು ಅಂತ ನಿಯಮ, ಸ್ಕೂಲ್ ಬಸ್ಸಿಗೆ, ಟ್ಯಾಂಕರಿಗೆ 60ಕ್ಕೆ. ಕಾಫಿ ಕುಯ್ಲಿನ ಟೈಮಲ್ಲಿ ಆಳುಗಳನ್ನ ತುಂಬ್ಕೊಂಡು ಹೋಗೋ ಜೀಪು ಪಿಕಪ್ಪು 40-50ರಲ್ಲಿ ಹೋಗ್ತಿರ್ತವೆ. ಇವ್ರು ಯಾರೂ ಮೇಲಕ್ಕೆ ಬರೋಕಾಗಲ್ಲ, ವ್ಯತ್ಯಾಸ ಕಡಿಮೆ ಆಗ್ಬೇಕು ಅಂದ್ರೆ ಮೇಲಿರೋರೇ ಕೆಳಗೆ ಇಳೀಬೇಕು. ಅಂದ್ರೆ ಈ ವಾದ ಅಮೆರಿಕದ ಖಾಲಿ ಹೈವೇಲಿ ಯಾವ ಕಡೆ ವಾಲಿದ್ರೂ, ಹಾಸನದಲ್ಲಿ ಲಿಮಿಟ್ ಪಾಲಿಸೋ ಕಡೆನೇ ವಾಲುತ್ತೆ. ಲಿಮಿಟ್ ಒಳಗೆ ಹೋಗೋರು ಎಡಗಡೆ ಲೇನಲ್ಲಿ ಹೋದ್ರೆ ಹಿಂದಿನೋರಿಗೂ ಕಿರಿಕಿರಿ ಇಲ್ಲ, ಬಲಗಡೆ ಲೇನು ಓವರ್‌ಟೇಕಿಗೆ, ಅದರಲ್ಲೇ 60ರಲ್ಲಿ ಊರಿಂದ ಊರಿಗೆ ಹೋಗೋ ಲಾರಿಯವ್ರಿಗೂ ಇದನ್ನ ಹೇಳ್ಬೇಕು, ಅವ್ರು ಬಲಗಡೆ ಹಿಡ್ಕೊಂಡ್ರೆ ಎಡದಿಂದ ನುಗ್ಗೋರು ಹುಟ್ಕೊಳ್ತಾರೆ.

ಜರ್ಮನಿಲಿ ಲಿಮಿಟ್ಟೇ ಇಲ್ವಲ್ಲ ಅಂತ ಕೇಳೋರಿಗೆ ಒಂದ್ ಮಾತು. ಅಲ್ಲಿನ ಆಟೋಬಾನ್ ಅನ್ನೋ ಎಕ್ಸ್‌ಪ್ರೆಸ್‌ವೇಗಳಲ್ಲಿ ಎಷ್ಟೋ ಭಾಗಕ್ಕೆ ಲಿಮಿಟ್ ಇದ್ದೇ ಇದೆ, ಇಲ್ಲದ ಕಡೆ 130 ಅಂತ ಸಲಹೆ ಇದೆ, 60ಕ್ಕಿಂತ ಜೋರಾಗಿ ಹೋಗೋಕೆ ಆಗದೇ ಇರೋ ಗಾಡಿಗೆ ಒಳಗೇ ಬಿಡಲ್ಲ, ನಡ್ಕೊಂಡು ಹೋಗೋರು ಇಲ್ಲ, ಸೈಕಲ್ ಇಲ್ಲ, ಡಿವೈಡರ್ ಮಧ್ಯ ಯೂ ಟರ್ನ್ ಇಲ್ಲ. ಆಟೋಬಾನ್ ಬಿಟ್ಟು ಊರಿನ ಹೊರಗಿನ ರೋಡಿಗೆ ಬಂದ್ರೆ 100, ಊರೊಳಗೆ 50. ನಮ್ಮಲ್ಲಿ ಅದೇ ಹೈವೇ ಮೇಲೆ ಶಿವರಾತ್ರಿಗೆ ಮುಂಚೆ ಧರ್ಮಸ್ಥಳಕ್ಕೆ ಹೋಗೋ ಪಾದಯಾತ್ರಿಗಳು ರಾತ್ರಿ ಹಗಲು ಸಾಲಾಗಿ ನಡೀತಾರೆ. ಸುಗ್ಗಿ ಬಂತು ಅಂದ್ರೆ ಎಷ್ಟೋ ರೋಡುಗಳಲ್ಲಿ ರಾಗಿ, ಹುರುಳಿ ಒಕ್ಕಣೆ ನಡೆಯುತ್ತೆ (ಅದು ನಿಲ್ಬೇಕು, ಅದನ್ನ ನಾನು ಸಮರ್ಥನೆ ಮಾಡ್ತಿಲ್ಲ, ಆದ್ರೆ ಕಣ ಮಾಡೋಕೆ ಜಾಗ ಇಲ್ಲದ ರೈತ ಏನ್ ಮಾಡ್ತಾನೆ ಅನ್ನೋದೂ ಇದೆ). 2025ರ ಸೆಪ್ಟೆಂಬರಲ್ಲಿ ಹಾಸನದ ಮೊಸಳೆ ಹೊಸಹಳ್ಳೀಲಿ ಗಣೇಶ ವಿಸರ್ಜನೆ ಮೆರವಣಿಗೆ ಒಳಗೆ ಲಾರಿ ನುಗ್ಗಿ ಎಷ್ಟೋ ಹುಡುಗ್ರು ಜೀವ ಕಳ್ಕೊಂಡ್ರು, ಜಿಲ್ಲೆಗೆ ಜಿಲ್ಲೆನೇ ಅತ್ತಿತ್ತು. ನಮ್ಮ ಹೈವೇ ಅಂದ್ರೆ ಇದು, ಊರಿನ ಬೀದಿನೂ ಅದೇ.

ಎಬಿಎಸ್ಸು, ಏರ್‌ಬ್ಯಾಗು ಇದೆ ಅನ್ನೋ ವಾದಕ್ಕೆ ಹೆಚ್ಚು ಹೇಳೋದೇನಿಲ್ಲ. ಏರ್‌ಬ್ಯಾಗ್ ಇರೋದು ಗಾಡಿ ಒಳಗಿರೋರಿಗೆ. ಎಬಿಎಸ್ ಚಕ್ರ ಲಾಕ್ ಆಗದಂಗೆ ನೋಡ್ಕೊಂಡು ಸ್ಟೀರಿಂಗ್ ಹಿಡಿತ ಉಳಿಸುತ್ತೆ, ಮೇಲೆ ಹೇಳಿದ 42 ಮೀಟರ್ ಹೋಗೋದನ್ನ ಅದು ತಡೆಯಲ್ಲ, ಆ 42 ಮೀಟರ್ ಕಾಲು ಬ್ರೇಕಿಗೆ ಹೋಗೋಕೆ ಮುಂಚಿನದ್ದು.

ಟೈಮ್ ಉಳಿಯುತ್ತೆ ಅನ್ನೋದನ್ನೂ ಲೆಕ್ಕ ಹಾಕೋಣ. ಹಾಸನದಿಂದ ಬೆಂಗಳೂರು ಹತ್ತತ್ರ 180 ಕಿ.ಮೀ. ಅದರಲ್ಲಿ ಟೋಲು, ಊರು, ಹಂಪ್ಸು, ಕೊನೇಲಿ ನೆಲಮಂಗಲ ಆದ್ಮೇಲಿನ ಟ್ರಾಫಿಕ್ ಎಲ್ಲ ಕಳೆದು 100 ಕಿ.ಮೀ. ಪೂರ್ತಿ ಖಾಲಿ ರೋಡ್ ಸಿಕ್ತು ಅನ್ಕೊಂಡ್ರೂ, ಅದನ್ನ 100ರ ಬದಲು 120ರಲ್ಲಿ ಹೋದ್ರೆ ಉಳಿಯೋದು 10 ನಿಮಿಷ. ಆ ಹತ್ತು ನಿಮಿಷ ಗೊರಗುಂಟೆಪಾಳ್ಯದ ಸಿಗ್ನಲಲ್ಲಿ ಹೋಗುತ್ತೆ. ಗಾಳಿಯ ತಡೆನೂ ವೇಗದ ವರ್ಗದಲ್ಲೇ ಏರೋದ್ರಿಂದ ಪೆಟ್ರೋಲ್ ಅಂತೂ ಜಾಸ್ತಿ ಕುಡಿಯುತ್ತೆ. ಅಮೆರಿಕದಲ್ಲಿ 1974ರಲ್ಲಿ ಇಡೀ ದೇಶಕ್ಕೆ ಗಂಟೆಗೆ 55 ಮೈಲಿ ಮಿತಿ ತಂದಿದ್ದೇ ಪೆಟ್ರೋಲ್ ಉಳಿಸೋಕೆ, ಜೀವ ಉಳಿಸೋಕೆ ಅಂತ ಅಲ್ಲ, ಆದ್ರೆ ಆ ವರ್ಷ ರೋಡಲ್ಲಿ ಸಾಯೋರ ಸಂಖ್ಯೆ ದೊಡ್ಡ ಮಟ್ಟದಲ್ಲಿ ಇಳೀತು. ಜನ ಗಾಡಿ ಓಡಿಸೋದೇ ಕಡಿಮೆ ಆಗಿದ್ದೂ ಅದಕ್ಕೆ ಒಂದು ಕಾರಣ, ಪೂರ್ತಿ ಕ್ರೆಡಿಟ್ ಲಿಮಿಟಿಗೆ ಕೊಡೋಕಾಗಲ್ಲ.

ಕ್ಯಾಮೆರಾ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ, ಬೇಕು. ಬೆಂಗಳೂರು-ಮೈಸೂರು ಹೈವೇಲಿ 2023ರ ಆಗಸ್ಟ್‌ನಿಂದ ಮುಖ್ಯ ರಸ್ತೆಗೆ ಬೈಕು, ಆಟೋ, ಟ್ರ್ಯಾಕ್ಟರ್ ಬಿಡೋದು ನಿಲ್ಸಿದ್ರು, 100ರ ಮಿತಿ ಇಟ್ಟು ಕ್ಯಾಮೆರಾ ಹಾಕಿದ್ರು, ಆಮೇಲೆ ಅಲ್ಲಿ ಸಾವು ಚೆನ್ನಾಗೇ ಕಡಿಮೆ ಆಯ್ತು. ಎರಡೂ ಒಟ್ಟಿಗೆ ಮಾಡಿದ್ದು ಅನ್ನೋದನ್ನ ಮರೀಬಾರ್ದು, ನಿಧಾನದ ಗಾಡಿಗೆ ಬೇರೆ ಸರ್ವಿಸ್ ರೋಡ್ ಇತ್ತು. ನಮ್ಮ ಕಡೆ ಸರ್ವಿಸ್ ರೋಡ್ ಎಲ್ಲಾ ಕಡೆ ಇಲ್ಲ, ಆದ್ರಿಂದ ಆ ನಿಷೇಧವನ್ನ ಇಲ್ಲಿಗೆ ಹಂಗೇ ತಂದ್ರೆ ಉದಯಪುರದ ರೈತ ತನ್ನ ಹೊಲಕ್ಕೆ ಹೋಗೋದು ಹೆಂಗೆ? ಕ್ಯಾಮೆರಾ ಇರೋ ಕಂಬದ ಹತ್ರ ಮಾತ್ರ ಗಕ್ಕಂತ ಬ್ರೇಕ್ ಹಿಡಿದು ಮತ್ತೆ ಎಳ್ಯೋರಿಗೆ ಒಂದೇ ಒಂದು ಪಾಯಿಂಟಲ್ಲಿ ಅಳ್ಯೋ ಕ್ಯಾಮೆರಾ ಸಾಕಾಗಲ್ಲ, ಎರಡು ಜಾಗದಲ್ಲಿ ನಂಬರ್ ಪ್ಲೇಟ್ ಓದಿ ಮಧ್ಯದ ದೂರಕ್ಕೆ ಎಷ್ಟು ಹೊತ್ತು ತಗೊಂಡ ಅಂತ ಸರಾಸರಿ ಹಾಕೋ ಪದ್ಧತಿ ಬಂದ್ರೆ ಒಳ್ಳೇದು.

ಈಗ ತಪ್ಪು ಬೋರ್ಡುಗಳ ವಿಷ್ಯ, ಇದು ಜನರ ನಿಜವಾದ ದೂರು, ಇದನ್ನ ತಳ್ಳಿಹಾಕೋಕೆ ಆಗಲ್ಲ. ಕಾಮಗಾರಿ ಮುಗಿದು ಎಷ್ಟೋ ಕಾಲ ಆದ್ಮೇಲೂ 20ರ ಬೋರ್ಡ್ ನಿಂತಿರುತ್ತೆ, ಫ್ಲೈಓವರ್ ಮೇಲೆ ಒಂದು ನಂಬರು, ಇಳಿದ ತಕ್ಷಣ ಇನ್ನೊಂದು, ಕೆಲವು ಕಡೆ ಮರದ ಕೊಂಬೆ ಬೆಳೆದು ಬೋರ್ಡೇ ಕಾಣಲ್ಲ. ಒಂದು ತಪ್ಪು ಬೋರ್ಡು ಹತ್ತು ಸರಿಯಾದ ಬೋರ್ಡಿನ ಮೇಲಿರೋ ನಂಬಿಕೆನ ಕೆಡಿಸುತ್ತೆ, ಡ್ರೈವರ್ ತಲೇಲಿ "ಇವೆಲ್ಲ ಸುಮ್ನೆ" ಅಂತ ಕೂತ್ಬಿಡುತ್ತೆ, ಆಮೇಲೆ ನಿಜವಾಗ್ಲೂ ಶಾಲೆ ಮುಂದೆ ಹಾಕಿರೋ 30ರ ಬೋರ್ಡಿಗೂ ಅದೇ ಮರ್ಯಾದೆ. ಆದ್ರೆ ಬೋರ್ಡ್ ತಪ್ಪಿದೆ ಅಂತ ಪ್ರತಿಯೊಬ್ಬ ಡ್ರೈವರೂ ತನ್ನ ತನ್ನ ಲಿಮಿಟ್ ತಾನೇ ಇಟ್ಕೊಂಡ್ರೆ ಹೊರಗೆ ನಿಂತಿರೋರ ಲೆಕ್ಕ ಮತ್ತೆ ಮೊದಲಿನ ಕಥೆನೇ. ಬೋರ್ಡು ಬದಲಾಯಿಸೋದು ಆಗದ ಕೆಲಸ ಏನಲ್ಲ, ನ್ಯಾಷನಲ್ ಹೈವೇ ಆದ್ರೆ 1033ಕ್ಕೆ ಫೋನ್ ಮಾಡಿ ಕಿಲೋಮೀಟರ್ ಕಲ್ಲಿನ ನಂಬರ್ ಸಮೇತ ಹೇಳ್ಬಹುದು, ಜಿಲ್ಲಾಧಿಕಾರಿ ಅಧ್ಯಕ್ಷತೆಲಿ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ ಇರುತ್ತೆ, ಅಲ್ಲಿಗೆ ಫೋಟೋ ಹಾಕಿ ಅರ್ಜಿ ಕೊಡ್ಬಹುದು, ಊರಿನೋರು ಸೇರಿ ಪಂಚಾಯ್ತಿ ಲೆಟರ್‌ಹೆಡ್ಡಲ್ಲಿ ಕೊಟ್ರೆ ಇನ್ನೂ ತೂಕ.

ಇದರ ಉಲ್ಟಾನೂ ಇದೆ, ಲಿಮಿಟ್ ಜಾಸ್ತಿ ಆಗೋ ಜಾಗಗಳು. ಬೋರ್ಡ್ ಇಲ್ಲದ ಕಡೆ ಕಾನೂನಿನ ಮೇಲಿನ ಗಡಿ ಕಾರಿಗೆ 70 ಅಂದೆ ಅಲ್ವಾ, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯುವಾಗ ಅಥವಾ ಕೈಮರದಿಂದ ಮುಳ್ಳಯ್ಯನಗಿರಿ ಕಡೆ ಹತ್ತುವಾಗ ಯಾರಾದ್ರೂ 70ರಲ್ಲಿ ಹೋಗೋಕಾಗುತ್ತಾ? 40ಕ್ಕೆ ಅಂತ ಮಾಡಿರೋ 50 ಮೀಟರ್ ತ್ರಿಜ್ಯದ ತಿರುವಲ್ಲಿ 60ರಲ್ಲಿ ಹೋದ್ರೆ ಗಾಡಿನ ಹೊರಕ್ಕೆ ಎಳೆಯೋ ಬಲ ಎರಡೂಕಾಲು ಪಟ್ಟು ಆಗುತ್ತೆ, ಒದ್ದೆ ರೋಡಲ್ಲಿ ಟೈರು ಅಷ್ಟನ್ನ ತಡ್ಕೊಳ್ಳಲ್ಲ. ಇಂಥ ಕಡೆ ಲಿಮಿಟ್ ಒಳಗೇ ಇದ್ದೆ ಅನ್ನೋದು ಸಮರ್ಥನೆ ಆಗಲ್ಲ, ಕಣ್ಣಿಗೆ ಕಾಣ್ತಿರೋ ರೋಡಿನ ಒಳಗೆ ನಿಲ್ಲೋಕಾಗ್ಬೇಕು, ಮಂಜಲ್ಲಿ ಮುಂದೆ 20 ಮೀಟರ್ ಕಾಣ್ತಿದ್ರೆ 20 ಮೀಟರಲ್ಲಿ ನಿಲ್ಲೋ ಸ್ಪೀಡು, ಅದು 30 ಆಸುಪಾಸು, ಅದಕ್ಕಿಂತ ಕಡಿಮೆನೂ ಆಗ್ಬಹುದು. ವೀಕೆಂಡಿಗೆ ಚಿಕ್ಕಮಗಳೂರಿಗೆ ಬರೋ ಹೊರಗಿನೋರಿಗೆ ಇದು ಗೊತ್ತಿರಲ್ಲ, ಫೋರ್ ಲೇನ್‌ನಲ್ಲಿ ನೂರರಲ್ಲಿ ಬಂದ ಕಾಲು ಘಾಟಿ ರೋಡಿಗೆ ಬಂದ್ಮೇಲೂ ಅದೇ ಅಭ್ಯಾಸದಲ್ಲಿರುತ್ತೆ, ಜೋರಾಗಿ ಬಂದ್ಮೇಲೆ 60 ಅನ್ನೋದು ಆಮೆ ನಡಿಗೆ ತರ ಅನ್ಸುತ್ತೆ. ಹಾಗಾಗಿ ಘಾಟಿ ಶುರುವಾಗೋಕೆ ಮುಂಚೆ ಎಲ್ಲಾದ್ರೂ ನಿಲ್ಸಿ, ಒಂದ್ ಟೀ ಕುಡಿದು, ಮೀಟರ್ ನೋಡ್ಕೊಂಡು ಹೊರಡಿ, ಅಂದಾಜಿನ ಮೇಲೆ ಹೋಗ್ಬೇಡಿ. ಮೂಡಿಗೆರೆ, ಕೊಟ್ಟಿಗೆಹಾರ ಎರಡು ಕಡೆನೂ ರೋಡ್ ಪಕ್ಕದಲ್ಲೇ ಹೋಟೆಲ್ ಸಿಗ್ತವೆ.